ಇವತ್ತು ಲೇಖಕನ ಪಾಳಿ ಯಾರದು

ರಾಯಚೂರು
೧೦ ನವೆಂಬರ್ ೨೦೨೫, ಸೋಮವಾರ

ಪ್ರೀತಿಯ ತಮ್ಮ ಅನಿಲಕುಮಾರನಿಗೆ,

ಇಲಾಖೆಯವರು ಕೊಡುತ್ತೇವೆ ಅಂದದ್ದು ಇದು: ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಕೂರುವ ನಮ್ಮ ಮಕ್ಕಳಿಗೆ ಪುಕ್ಕಟೆ ತರಬೇತಿ. ಮಕ್ಕಳು ಮುಗ್ಗರಿಸುವುದೇ ವರ್ಬಲ್ ಅನ್ನುವ ಇಂಗ್ಲಿಷ್ ಭಾಷೆಯ ವಿಭಾಗದಲ್ಲಿ, ಆದ್ದರಿಂದ ಅದಕ್ಕೆಂದೇ ಒಬ್ಬ ಇಂಗ್ಲಿಷ್ ಮೇಷ್ಟ್ರು. ಕಂಪ್ಯೂಟರ್ ಮುಂದೆ ಕುಳಿತು ಮಾದರಿ ಪರೀಕ್ಷೆ. ಓದುವ ಕೋಣೆ, ಪತ್ರಿಕೆಗಳು, ನಿಘಂಟು. ಸೀಟು ಸಿಕ್ಕರೆ ಪ್ರವೇಶದ ಗಡುವಿಗೆ ಮುಂಚೆ ಶುಲ್ಕ. ಕೊಟ್ಟದ್ದು ಇದು: ಮುಖ ತೋರಿಸಿ ಹಾಜರಿ ಹಾಕುವ ಒಂದು ಯಂತ್ರ. ಮೇಷ್ಟ್ರ ಬದಲು ಗೋಡೆಯ ಮೇಲೆ ವಿಡಿಯೊ, ಅದೂ ಕರೆಂಟ್ ಇದ್ದಾಗ. ಕಂಪ್ಯೂಟರುಗಳು ಬಂದಿವೆ, ಪೆಟ್ಟಿಗೆ ಬಿಚ್ಚಿಲ್ಲ. ಉದ್ಘಾಟನೆಗೆ ದೊಡ್ಡವರು ಬರಬೇಕಂತೆ. ಓದುವ ಕೋಣೆಗೆ ಬೀಗ, ಬೀಗದ ಕೈ ಈ ತರಬೇತಿಯ ಗುತ್ತಿಗೆ ಹಿಡಿದ ಬಸವಪ್ರಸಾದನ ಸಂಸ್ಥೆಯಲ್ಲಿ. ಶುಲ್ಕ ಮಂಜೂರಾಯಿತು, ಗಡುವು ಮುಗಿದ ಮೇಲೆ. ಹಾಗೆ ಕೈತಪ್ಪಿದ ಸೀಟು ಯಾರದೆಂದು ನಿನಗೆ ಹೇಳಬೇಕಾಗಿಲ್ಲ. ಅದು ನಿನ್ನದು.

ಇಷ್ಟು ಬರೆದ ಮೇಲೆ ಕ್ಷೇಮ ಕೇಳುತ್ತೇನೆ. ಹೇಗಿದ್ದೀಯಪ್ಪಾ? ಎದೆಯುರಿ ಕಡಿಮೆಯಾಯಿತೋ, ಇಲ್ಲ ಮಾನ್ವಿ ಬಸ್‌ಸ್ಟ್ಯಾಂಡಿನ ಮಿರ್ಚಿ ಮಂಡಾಳಿನ ಮೇಲೇ ದಿನ ದೂಡುತ್ತಿದ್ದೀಯೋ? ಈ ಕಾಗದದ ಜೊತೆ ಕಟಿರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇವೆ. ಅವ್ವ ಕಟ್ಟಿದ್ದು. "ಜಗಳ ಬ್ಯಾರೆ, ರೊಟ್ಟಿ ಬ್ಯಾರೆ" ಅಂದಳು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ವಾಟ್ಸಾಪಿನಲ್ಲಿ ನೀಲಿ ಗೀಟು ಬೀಳುತ್ತದೆ, ಉತ್ತರ ಬೀಳುವುದಿಲ್ಲ. ಮಾನ್ವಿ ಏನು ಏಳು ಸಮುದ್ರದ ಆಚೆಗಿಲ್ಲ, ಬಸ್ ಹತ್ತಿದರೆ ಮುಂಜಾನೆ ಚಹಾ ಅರಗುವುದರೊಳಗೆ ಬರುವ ಊರು. ಆದರೂ ನಾನು ಬರಲಿಲ್ಲ, ಯಾಕೆಂದರೆ ನಿನ್ನ ತರಗತಿಯ ಬಾಗಿಲಲ್ಲಿ ನಿಂತು ಜಗಳವಾಡುವ ಅಕ್ಕ ಅನ್ನಿಸಿಕೊಳ್ಳುವುದು ನನಗೆ ಬೇಡ. ಪಕ್ಕದ ಮನೆಯ ಇಮಾಮ್ ಬೀಯ ದೊಡ್ಡ ಮೊಮ್ಮಗಳು ಆತಿಯಾ ಮಾನ್ವಿಯಲ್ಲಿ ನರ್ಸಲ್ಲವೇ, ನಾಳೆ ಡ್ಯೂಟಿಗೆ ಹೋಗುವಾಗ ಇದನ್ನು ನಿನ್ನ ಕೈಗೇ ಕೊಡುತ್ತಾಳೆ. ಅವಳ ಮುಂದೆ ಹರಿಯಬೇಡ. ಓದಿ ಆಮೇಲೆ ಹರಿ.

ಅವ್ವನ ಕಣ್ಣು ವಾಸಿಯಾಗಿದೆ. ನಿನ್ನ ಸಂಬಳದಲ್ಲಿ ಮಾಡಿಸಿದ ಆಪರೇಷನ್ನು, ಇಲ್ಲವೆನ್ನುವುದಿಲ್ಲ. ಈಗ ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ. ಹೋದ ವಾರ ಗೂಗಲ್ ಊರಿನ ಗುಡಿಗೆ ಹೋಗಿ ಬರುತ್ತಾ ದೇವದುರ್ಗ ಬಸ್‌ಸ್ಟ್ಯಾಂಡಿನಲ್ಲಿ ಇಳಿದಿದ್ದಾಳೆ. ತಲೆಯೆತ್ತಿ ನೋಡಿದರೆ ಎದುರಿನ ಕಟ್ಟಡದ ಮೇಲೆ ನೀನು. ಕೋಟು ಹಾಕಿ, ಕೈ ಕಟ್ಟಿ, ಆಳೆತ್ತರದ ನಗು. ಅವ್ವನಿಗೆ ಖುಷಿ ಹೇಳತೀರದು. ಪಕ್ಕದಲ್ಲಿದ್ದ ಹಣ್ಣಿನ ಬುಟ್ಟಿಯವಳನ್ನು ಎಬ್ಬಿಸಿ, "ನೋಡಬೇ, ನನ ಮಗ! ಏನ್ ಬರದಾರ ಓದು" ಅಂದಳಂತೆ. ಆಕೆ ಓದಿದಳು: ಬಸವಪ್ರಸಾದನ ಸಂಸ್ಥೆಯ ಹೆಮ್ಮೆಯ ವಿದ್ಯಾರ್ಥಿ, ವರ್ಬಲ್‌ನಲ್ಲಿ ಜಿಲ್ಲೆಗೇ ಮೊದಲು. ಈಗ ದೇವದುರ್ಗದಲ್ಲೂ ನಮ್ಮ ಶಾಖೆ. ಅವ್ವ ಕೇಳಿದಳಂತೆ, "ಯಾವ ಸಂಸ್ಥಿನೇ? ಅಂವ ಓದಿದ್ದು ನಮ್ಮ ಭವನದ ಹಿಂದಿನ ಖೋಲ್ಯಾಗ." ಹಣ್ಣಿನವಳು ನಕ್ಕಳಂತೆ. "ಯವ್ವಾ, ಬೋರ್ಡಿನ್ಯಾಗ ಬರದದ್ದು ನಾ ಓದೀನಿ. ನಿನ ಹೊಟ್ಟ್ಯಾಗ ಬರದದ್ದು ನನಗೆಂಗ ಓದಾಕ ಬರತದ?" ನೀನು ಕೊಡಿಸಿದ ಕಣ್ಣಿನಿಂದಲೇ ಅವ್ವ ನಿನ್ನನ್ನು ಅಲ್ಲಿ ನೋಡಿದಳು, ಅನಿಲಾ.

ನೀನು ಎಲ್ಲಿ ಓದಿದೆ ಅನ್ನುವುದು ನಿನಗೆ ಮರೆತಿರಲಾರದು. ಆದರೂ ಬರೆಯುತ್ತೇನೆ, ಯಾಕೆಂದರೆ ಮರೆತವರಿಗಿಂತ ಮರೆತಂತೆ ಇರುವವರಿಗೆ ನೆನಪು ಮಾಡಿಕೊಡುವುದು ಕಷ್ಟ. ಸಮುದಾಯ ಭವನದ ಹಿಂದಿನ ಕೋಣೆ, ತಗಡಿನ ಮಾಡು, ಮೇ ತಿಂಗಳ ರಾಯಚೂರು. ಮೈಮೇಲೆ ಒದ್ದೆ ಟವೆಲ್ ಹಾಕಿಕೊಂಡು ಓದುತ್ತಿದ್ದೆವು. ಮೇಷ್ಟ್ರಿಲ್ಲ. ಯಾರೋ ಹಳೆಯ ಪ್ರಶ್ನೆಪುಸ್ತಕ ಕೊಟ್ಟಿದ್ದರು. ಮೊದಲ ಮಾದರಿ ಪರೀಕ್ಷೆಯಲ್ಲಿ ನಮ್ಮೆಲ್ಲರ ವರ್ಬಲ್ಲೂ ನೆಲ ಕಚ್ಚಿತು. ಬುದ್ಧಿ ಸಾಲದೆ ಅಲ್ಲ, ಪದ ಗೊತ್ತಿಲ್ಲದೆಯೂ ಅಲ್ಲ. ಕಾಲುವೆಯ ಬಗ್ಗೆ ಒಂದು ಗದ್ಯಭಾಗ ಇತ್ತು, ನೆನಪಿದೆಯೇ? ದೊಡ್ಡ ಕಾಲುವೆಗಳಿಂದ ಒಟ್ಟು ಇಳುವರಿ ಹೆಚ್ಚಿತು, ಆದರೆ ಲಾಭ ಎಲ್ಲರಿಗೂ ಒಂದೇ ಸಮ ಹಂಚಿಕೆಯಾಗಲಿಲ್ಲ ಅಂತ ಯಾವನೋ ವಿದ್ವಾಂಸ ನಯವಾಗಿ ಬರೆದಿದ್ದ. ಲೇಖಕನ ಅಭಿಪ್ರಾಯ ಯಾವುದು ಅಂತ ಪ್ರಶ್ನೆ. ನೀನು ಟಿಕ್ ಹಾಕಿದ್ದು, "ಕಾಲುವೆಯ ನೀರು ಬಡವರಿಗೆ ಎಂದಿಗೂ ತಲುಪಿಲ್ಲ." ನಾನೂ ಅದನ್ನೇ ಹಾಕಿದ್ದೆ. ಕೋಣೆಯಲ್ಲಿದ್ದ ಅಷ್ಟೂ ಜನ ಅದನ್ನೇ ಹಾಕಿದ್ದೆವು. ಉತ್ತರ ತಪ್ಪು ಅಂತ ತಿಳಿದಾಗ ನೀನು ಪುಸ್ತಕ ಎತ್ತಿ ಒಗೆದೆ. "ಮಾನ್ವಿ ಕಡಿ ಹಳ್ಳಿಗೆ ಹೋಗಿ ನೋಡ್ಲಿ ಅಂವ. ನೀರ ಬಂದಿಲ್ಲ ಅಂದ್ರ ಬಂದಿಲ್ಲ. ಇದರಾಗ ಒಂದೇ ಸಮ, ವಾರೆ ಸಮ ಎಲ್ಲಿಂದ ಬಂತಲೇ?"

ನಮ್ಮ ರೋಗ ಅದೇ. ಹುಟ್ಟಿದಾಗಿನಿಂದ ಘೋಷಣೆ ಕೂಗಿ ಬೆಳೆದ ಮಕ್ಕಳು ನಾವು. ಎಲ್ಲಕ್ಕಿಂತ ಗಟ್ಟಿ ದನಿಯ ಉತ್ತರವೇ ನಿಜದ ಉತ್ತರ ಅಂತ ನಮ್ಮ ಕೈ ತಾನೇ ಅಲ್ಲಿಗೆ ಹೋಗುತ್ತಿತ್ತು. ಎಂದಿಗೂ, ಎಲ್ಲರೂ, ಮಾತ್ರವೇ, ಸಂಪೂರ್ಣ. ಈ ಪದ ಕಂಡ ಕಡೆ ನಾವು ಟಿಕ್. ಪರೀಕ್ಷೆ ಮಾಡುವವನು ಆ ಪದಗಳನ್ನು ಇಟ್ಟಿರುವುದೇ ನಮ್ಮಂಥವರನ್ನು ಬೀಳಿಸಲು. ಅವನಿಗೆ ಬೇಕಾದದ್ದು ಬರೆದವನು ಏನು ಹೇಳಿದ, ಎಷ್ಟು ಹೇಳಿದ, ಅಷ್ಟೇ. ನಮ್ಮೂರಿಗೆ ನೀರು ಬಂತೋ ಇಲ್ಲವೋ ಅದು ಅವನ ಪ್ರಶ್ನೆಯಲ್ಲ. ಇದು ಅನ್ಯಾಯವೇ. ಆದರೆ ಆ ಬಾಗಿಲು ದಾಟದೆ ನೀತಿ ಬರೆಯುವ ಕೋಣೆಗೆ ಹೋಗುವಂತಿಲ್ಲ, ಹೋಗದೆ ಕಾಲುವೆಯ ಕೊನೆಗೆ ನೀರು ಬರುವುದಿಲ್ಲ. ನೀನು ಸಾರ್ವಜನಿಕ ನೀತಿ ಓದಬೇಕೆಂದು ಹಟ ಹಿಡಿದದ್ದು ಅದಕ್ಕೇ ಅಲ್ಲವೇ?

ಆಗ ಅಪ್ಪನ ಸಂಘದ ರೂಢಿ ನೆನಪಾಯಿತು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕಾರ್ಮಿಕರು ಮಾತುಕತೆಗೆ ಹೋಗುವ ಮೊದಲು ಚಹಾದಂಗಡಿಯ ಹಿಂದೆ ಕೂರುತ್ತಿದ್ದರು. "ಇವತ್ತ ಗುತ್ತೇದಾರ ಯಾರಪಾ?" ಅಂತ ಕೂಗುವರು. ಪಾಳಿ ಬಂದವನು ಗುತ್ತೇದಾರನಾಗಿ ಎದುರಿಗೆ ಕುಳಿತು ಅವನ ವಾದವನ್ನು ಮನಸಾರೆ ಹೇಳಬೇಕು. ಅಣಕಿಸುವಂತಿಲ್ಲ, ಮೀಸೆ ತಿರುವುವಂತಿಲ್ಲ. ಗುತ್ತೇದಾರ ಕೇಳಿಸಿಕೊಂಡರೆ "ಹೌದು, ನನ್ನ ಮಾತು ಇದೇ" ಅನ್ನಬೇಕು, ಅಷ್ಟು ನೆಟ್ಟಗೆ. ಅಣಕಿಸಿದವನು ಎಲ್ಲರ ಚಹಾದ ಗ್ಲಾಸು ತೊಳೆಯಬೇಕು. ಅಪ್ಪ ಗ್ಲಾಸು ತೊಳೆದದ್ದೇ ಹೆಚ್ಚು, ಅವನಿಗೆ ಅಣಕಿಸದೆ ಇರಲು ಬರುತ್ತಲೇ ಇರಲಿಲ್ಲ. ಅದನ್ನೇ ನಾವು ಗದ್ಯಭಾಗಕ್ಕೆ ಹಚ್ಚಿದೆವು. "ಇವತ್ತ ಲೇಖಕನ ಪಾಳಿ ಯಾರದು?" ಪಾಳಿ ಬಂದವರು ಪುಸ್ತಕ ಮುಚ್ಚಿ, ಬರೆದವನ ಮಾತನ್ನು ಅವನ ದನಿಯಲ್ಲೇ, ನಮ್ಮ ಕನ್ನಡದಲ್ಲೇ ಹೇಳಬೇಕು. ಎಲ್ಲಿ ಒಪ್ಪಿದ, ಎಲ್ಲಿ ಅನುಮಾನಪಟ್ಟ, ಎಲ್ಲಿ ತಿರುಗಿದ. ಬೈಗುಳ ಆಮೇಲೆ. ಮೊದಲ ದಿನ ನೀನೇ ಕಾಲುವೆಯ ವಿದ್ವಾಂಸನಾದೆ. ಹಲ್ಲು ಕಚ್ಚಿಕೊಂಡು ಹೇಳಿದೆ, ಬೆವರು ಇಳಿಯುತ್ತಿತ್ತು. ಹೇಳಿ ಮುಗಿಸಿ, "ಯಕ್ಕಾ, ಬಾಯಾಗ ಬೇವಿನಸೊಪ್ಪು ಇಟ್ಟಂಗ ಆಗ್ಯದ" ಅಂದೆ. ಮುಂದಿನ ಪ್ರಶ್ನೆಗಳೆಲ್ಲ ಸರಿಯಾದವು.

ಉಳಿದದ್ದನ್ನೂ ಆ ಕೋಣೆಯಲ್ಲೇ ಕಟ್ಟಿದೆವು. ಬಿಟ್ಟಸ್ಥಳ ತುಂಬುವ ಪ್ರಶ್ನೆಗೆ ಆಯ್ಕೆಗಳ ಮೇಲೆ ಕೈಯಿಟ್ಟು ಮುಚ್ಚುವುದು, ಮೊದಲು ನಮ್ಮದೇ ಒಂದು ಕನ್ನಡ ಪದ ಹಾಕಿ ವಾಕ್ಯ ಪೂರ್ತಿ ಮಾಡುವುದು, ಆಮೇಲೆ ಕೈ ತೆಗೆದು ಅದಕ್ಕೆ ಹತ್ತಿರದ್ದನ್ನು ಹುಡುಕುವುದು. "ಆದರೆ", "ಹಾಗಿದ್ದೂ", "ಅಷ್ಟೇ ಅಲ್ಲ" ಅನ್ನುವ ಇಂಗ್ಲಿಷ್ ಪದ ಕಂಡರೆ ಸುತ್ತು ಹಾಕುವುದು, ಯಾಕೆಂದರೆ ವಾಕ್ಯ ಅಲ್ಲಿ ಎಡಕ್ಕೋ ಬಲಕ್ಕೋ ಹೊರಳುತ್ತದೆ. ಒಂದು ಪ್ರಶ್ನೆ ಹಿಡಿದು ಕೂತರೆ ಎರಡು ಹೋಗುತ್ತವೆ, ಬಿಟ್ಟು ಮುಂದೆ ನಡೆ, ಸಮಯ ಉಳಿದರೆ ತಿರುಗಿ ಬಾ. ಉತ್ತರ ತಪ್ಪಿದರೆ ಸರಿ ಉತ್ತರ ಬರೆದುಕೊಂಡು ಸುಮ್ಮನಾಗುವುದಲ್ಲ, ತಪ್ಪು ಉತ್ತರ ನನ್ನನ್ನು ಹೇಗೆ ಮರುಳು ಮಾಡಿತು ಅಂತ ಎಲ್ಲರ ಮುಂದೆ ಹೇಳಬೇಕು. ಪದಗಳನ್ನು ಪಟ್ಟಿ ಮಾಡಿ ಉರು ಹೊಡೆದರೆ ನಿಲ್ಲಲಿಲ್ಲ, ಅದಕ್ಕೆ ಪದಕ್ಕೊಬ್ಬರನ್ನು ಕಟ್ಟಿದೆವು. ಗ್ಯಾರುಲಸ್ ಅಂದರೆ ಇಮಾಮ್ ಬೀ. ಆಕೆಗೆ ಗೊತ್ತಾಗಿ, "ಏ ಅನಿಲ್ಯಾ, ನನಗೇನೋ ಅಂಗ್ರೇಜಿ ಖಿತಾಬ್ ಕೊಟ್ಟೀಯಂತಲ್ಲೋ, ಅದಕ್ಕ ಪಿಂಚಣಿ ಬರತದೇನು?" ಅಂತ ಒಂದು ತಾಸು ಮಾತಾಡಿ ಪದವನ್ನು ಖಾಯಂ ಮಾಡಿದಳು. ಲಕಾನಿಕ್ ಅಂದರೆ ಅಪ್ಪ, ಅಣಕಿಸಿದರೂ ಎರಡೇ ಮಾತು. ಆಬ್ಡ್ಯುರೇಟ್, ಹಟಮಾರಿ, ಅಂದರೆ ನಾನು, ಅದನ್ನು ಇಟ್ಟವನು ನೀನು.

ನಿನ್ನ ಅಂಕ ಬಂದ ದಿನ ಆ ಕೋಣೆಯಲ್ಲಿ ಕುಣಿದೆವು. ಸೀಟೂ ಬಂತು. ಆಮೇಲೆ ಶುಲ್ಕದ ಕಡತ ಮೇಜಿನಿಂದ ಮೇಜಿಗೆ ತೆವಳಿತು, ನಾವು ಸಮಿತಿಯವರು ಇಲಾಖೆಯ ಮುಂದೆ ಧರಣಿ ಕೂತೆವು, ಗಡುವು ನಮ್ಮ ಮುಂದೆಯೇ ಮುಗಿದು ಹೋಯಿತು. ಮರುತಿಂಗಳು ಬಸವಪ್ರಸಾದ ತನ್ನ ಸಂಸ್ಥೆಯಲ್ಲಿ ಕಲಿಸಲು ನಿನ್ನನ್ನು ಕರೆದ. ಅಕ್ಕಿ ಗಿರಣಿಯವರ ಮಗ, ಅಕ್ಕಿಯಂತೆ ವಿದ್ಯೆಯನ್ನೂ ಪಾಲಿಶ್ ಮಾಡಿ ಮಾರುತ್ತಾನೆ. ನಿನ್ನ ಫೋಟೊ ತೋರಿಸಿ ಸರ್ಕಾರದ ಗುತ್ತಿಗೆ ಹಿಡಿದ. ನಮ್ಮ ಲೇಖಕನ ಪಾಳಿ ಈಗ ಅವನ ನುಣ್ಣನೆಯ ಪುಸ್ತಕದಲ್ಲಿ "ನಮ್ಮ ಸಂಸ್ಥೆಯ ವಿಶೇಷ ವಿಧಾನ". ಗ್ಲಾಸು ತೊಳೆಯುವುದನ್ನು ಮಾತ್ರ ಬಿಟ್ಟಿದ್ದಾರೆ.

ಅದನ್ನೂ ನುಂಗಿದ್ದೆ. ಆದರೆ ಮೊನ್ನೆ ಗುಲ್ಫಶಾ ನಿನ್ನ ವಿಡಿಯೊ ತಂದು ತೋರಿಸಿದಳು. ಇಮಾಮ್ ಬೀಯ ಚಿಕ್ಕ ಮೊಮ್ಮಗಳು, ನಿನ್ನನ್ನು ನೋಡಿಯೇ ಈ ಪರೀಕ್ಷೆಯ ಬೆನ್ನು ಬಿದ್ದವಳು. ಜನವರಿಯಲ್ಲಿ ಅವಳ ಪರೀಕ್ಷೆ. ಮಾನ್ವಿಯ ತರಗತಿಯಲ್ಲಿ ನೀನು ಹೇಳುತ್ತಿದ್ದೆ: "ಬಾಗಿಲ ಹೊರಗ ಚಪ್ಪಲಿ ಬಿಡ್ರಿ, ಕನ್ನಡಾನೂ ಅಲ್ಲೇ ಬಿಡ್ರಿ. ಮನ್ಯಾಗಿನ ಭಾಷಾ ತಲ್ಯಾಗ ಇರೋತನಕ ವರ್ಬಲ್ ಬರಂಗಿಲ್ಲ." ಮಕ್ಕಳು ನಕ್ಕರು, ನೀನೂ ನಕ್ಕೆ. ಗುಲ್ಫಶಾ ನನ್ನನ್ನು ಕೇಳಿದಳು, "ಯಕ್ಕಾ, ನಮ್ಮ ಮನ್ಯಾಗ ದಖ್ಖನಿ, ಓಣ್ಯಾಗ ಕನ್ನಡ. ನಾ ಎಷ್ಟು ಜೊತಿ ಹೊರಗ ಬಿಡಬೇಕು?" ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು, "ಚಪ್ಪಲಿ ಬಿಟ್ಟು ಬಾ ಅಂತ ನಮಗ ಭಾಳ ಮಂದಿ ಹೇಳ್ಯಾರ. ನನ ಮಗನೂ ಒಬ್ಬ ಆದ."

ಈಗ ನಮ್ಮ ಪದ್ಧತಿಯಂತೆ ನಿನ್ನ ಪಾಳಿಯನ್ನು ನಾನು ಹಿಡಿಯುತ್ತೇನೆ. ಅನಿಲಕುಮಾರನ ವಾದ ಇದು. ನಾನು ಓದಿದೆ, ಅಂಕ ತಂದೆ, ಸೀಟು ತಂದೆ. ಕಳೆದದ್ದು ನನ್ನ ತಪ್ಪಿನಿಂದಲ್ಲ. ನೀವು ನನಗಾಗಿ ಧರಣಿ ಕೂತಿರಿ, ಪೇಪರಿನಲ್ಲಿ ಫೋಟೊ ಬಂತು, ಸೀಟು ಬರಲಿಲ್ಲ. ನಿಮ್ಮ ಸಮಿತಿಯಲ್ಲಿ ನಾನು ಕೊನೆತನಕ ಬ್ಯಾನರ್ ಕಟ್ಟುವ "ನಮ್ಮ ಹುಡುಗ". ಬಸವಪ್ರಸಾದ ಮಾತ್ರ ಕುರ್ಚಿ ಎಳೆದು "ಕೂತ್ಕೊಳ್ರಿ ಸರ್" ಅಂದ. ಅವನ ಓಣಿಯವರ ಬಾಯಲ್ಲಿ ನಮ್ಮ ವಂಶದ ಯಾರೂ ಸರ್ ಆಗಿರಲಿಲ್ಲ. ಆ ಸಂಬಳದಲ್ಲಿ ಅವ್ವನ ಕಣ್ಣು ಬಂತು. ಅಪ್ಪನಂತೆ ಜೀವನಪೂರ್ತಿ ಗೇಟಿನ ಹೊರಗೆ ನಿಂತು ಸಾಯಲಾರೆ. ಒಂದು ಬೋರ್ಡಿನ ಸುಳ್ಳಿನಿಂದ ಯಾರ ರೊಟ್ಟಿ ಹೋಯಿತು? ಇಷ್ಟೇ ಅಲ್ಲವೇ? ಅಣಕಿಸಿಲ್ಲ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಜ. ಬರೆಯುವಾಗ ನನಗೂ ಬಾಯಿ ಕಹಿಯಾಯಿತು.

ಈಗ ನನ್ನ ಪಾಳಿ. ಕೆಲಸ ಮಾಡು, ಯಾರು ಬೇಡ ಅಂದರು? ಬೆವರು ಮಾರಿ ಬದುಕುವುದು ನಮಗೆ ಹೊಸದಲ್ಲ, ನಾಚಿಕೆಯದೂ ಅಲ್ಲ. ನಿನ್ನ ದುಡಿಮೆ ನಿನ್ನದು, ಅದನ್ನು ಯಾರಿಗೆ ಬೇಕಾದರೂ ಕೊಡು. ಆದರೆ ನೀನು ಕೊಟ್ಟದ್ದು ದುಡಿಮೆಯನ್ನಲ್ಲ, ಆ ಕೋಣೆಯನ್ನು. ಅದು ನಿನ್ನೊಬ್ಬನದಾಗಿರಲಿಲ್ಲ. ಯಾರ ರೊಟ್ಟಿ ಹೋಯಿತು ಅಂತ ಕೇಳಿದೆಯಲ್ಲ, ಕೇಳು: ಈ ವರ್ಷದ ತಂಡಕ್ಕೆ ಮೇಷ್ಟ್ರು ಯಾಕಿಲ್ಲ ಅಂತ ನಾವು ಇಲಾಖೆಗೆ ಹೋದರೆ, ಸಾಹೇಬರು ನಿನ್ನ ಫೋಟೊ ತೋರಿಸುತ್ತಾರೆ. "ಮೇಷ್ಟ್ರಿಲ್ಲದೆ ಇವರು ಹೆಂಗ ಫಸ್ಟ್ ಬಂದ್ರಮ್ಮಾ? ಸಂಸ್ಥೆ ಕಲಿಸಿದ್ದಕ್ಕೇ ಅಲ್ಲೇನು?" ನಮ್ಮ ಬಾಯಿ ಮುಚ್ಚಿಸಲು ಅವರಿಗೆ ಲಾಠಿ ಬೇಕಾಗಿಲ್ಲ, ನಿನ್ನ ನಗು ಸಾಕು. ಗುತ್ತಿಗೆ ಮುಂದುವರಿದರೆ ಗುಲ್ಫಶಾಗೆ ಬೀಗ ಹಾಕಿದ ಕೋಣೆಯೇ ಗತಿ. ನಮ್ಮ ಕೋಣೆಗೆ ಬಾ ಅಂತೀಯಾ? ಆ ಬೀಗ ಬಿದ್ದಿರುವುದು ನಮ್ಮ ಕೋಣೆಗೇ, ಅನಿಲಾ. ಭವನದ ಹಿಂದಿನ ಅದೇ ಕೋಣೆಯನ್ನೇ ತರಬೇತಿ ಕೇಂದ್ರ ಅಂತ ಬರೆದುಕೊಂಡು ಬಸವಪ್ರಸಾದ ವಶಕ್ಕೆ ತೆಗೆದುಕೊಂಡಿದ್ದಾನೆ. ಮಕ್ಕಳು ಈಗ ಹೊರಗೆ ಮೆಟ್ಟಿಲ ಮೇಲೆ ಕೂತು ಓದುತ್ತಾರೆ. ಬಿಸಿಲು ಏರಿದಂತೆ ಒಂದೊಂದು ಮೆಟ್ಟಿಲು ಸರಿಯುತ್ತಾರೆ.

ಗುತ್ತಿಗೆಯ ಬಗ್ಗೆ ಎರಡೂ ಕಡೆಯವರನ್ನು ಕೂರಿಸಿ ವಿಚಾರಣೆ ಮಾಡುತ್ತೇವೆ ಅಂತ ಇಲಾಖೆ ಕೊನೆಗೂ ಒಪ್ಪಿದೆ. ದಿನ ಇನ್ನೂ ಹೇಳಿಲ್ಲ. ನೀನು ಬಂದು ಭಾಷಣ ಮಾಡಬೇಕಾಗಿಲ್ಲ, ಬಸವಪ್ರಸಾದನನ್ನು ಬೈಯಬೇಕಾಗಿಲ್ಲ, ನಮ್ಮ ಬ್ಯಾನರ್ ಹಿಡಿಯಬೇಕಾಗಿಯೂ ಇಲ್ಲ. ನಾನು ಓದಿದ್ದು ಎಲ್ಲಿ, ಯಾರ ಜೊತೆ, ಅಷ್ಟನ್ನು ಹೇಳು. ಕೆಲಸ ಹೋಗಬಹುದು. ಹೋಗುವುದಿಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಹೋದರೆ ಆ ಮೆಟ್ಟಿಲ ಮೇಲೆ ಮೇಷ್ಟ್ರ ಜಾಗ ಖಾಲಿ ಇದೆ, ಸಂಬಳವಿಲ್ಲ, ಫ್ಯಾನಿಲ್ಲ, ಸರ್ ಅನ್ನುವವರೂ ಕಡಿಮೆ. ನಾವು ಕೊಡಬಹುದಾದದ್ದು ಇಷ್ಟೇ, ಇದಕ್ಕಿಂತ ಹೆಚ್ಚು ಕೊಡುತ್ತೇವೆ ಅಂದವರನ್ನು ನೀನು ನೋಡಿದ್ದೀಯ.

ಊಟ ತಪ್ಪಿಸಬೇಡ. ಕಟಿರೊಟ್ಟಿ ಮೆತ್ತಗಾಗುವ ಮುಂಚೆ ತಿನ್ನು. ಇಮಾಮ್ ಬೀ ಸಲಾಮ್ ಹೇಳಿದ್ದಾಳೆ, ಒಂದೇ ಮಾತಿನಲ್ಲಿ. ಅದರಿಂದಲೇ ತಿಳಿ, ಓಣಿ ಹೇಗಿದೆ ಅಂತ. ನಿನಗೆ ಒಳ್ಳೆಯದಾಗಲಿ, ಅದು ಇನ್ನೊಬ್ಬರ ಕೆಡುಕಿನಿಂದ ಆಗದಿರಲಿ.

ನಿನ್ನ ಅಕ್ಕ,
ಮೌನೇಶ್ವರಿ

ಮರೆತ ಮಾತಲ್ಲ, ಈಗಷ್ಟೇ ಬಂದದ್ದು: ಕಾಗದ ಮಡಚುವಷ್ಟರಲ್ಲಿ ಇಲಾಖೆಯ ಜವಾನ ಅಮೀರ್ ಸಾಬ್ ಫೋನ್ ಮಾಡಿದ. ವಿಚಾರಣೆಯ ದಿನ ಗೊತ್ತಾಗಿದೆಯಂತೆ. ಸಂಸ್ಥೆಯ ಪರವಾಗಿ ಮಾತಾಡಲು ಬಸವಪ್ರಸಾದ ಬರುವುದಿಲ್ಲವಂತೆ, ನಿನ್ನ ಹೆಸರು ಕೊಟ್ಟಿದ್ದಾನಂತೆ. "ಬೇಟಿ, ನಿನ ತಮ್ಮನ್ನ ಆ ಕಡಿ ಕುಂದರಸಾಕತ್ತಾರ, ನಿನಗ ಗೊತ್ತಿರಲಿ ಅಂತ ಹೇಳೀನಿ" ಅಂದ. ನಿನಗೆ ಇದು ಮೊದಲೇ ಗೊತ್ತಿತ್ತೋ, ಈ ಕಾಗದದಿಂದ ಗೊತ್ತಾಗುತ್ತಿದೆಯೋ, ನಾನು ಕೇಳುವುದಿಲ್ಲ. ನಮ್ಮ ಕಡೆಯಿಂದ ಗುಲ್ಫಶಾ ಮಾತಾಡುತ್ತಾಳೆ. ನಾನು ಅವ್ವನಿಗೆ, "ನೀ ಬರಬ್ಯಾಡ" ಅಂದೆ. ಹಿಟ್ಟಿನ ಕೈ ತೊಳೆದುಕೊಂಡು ಹೇಳಿದಳು, "ಅಂವ ಯಾ ಕಡಿ ಕುಂತರೂ ಕುಂದರಲಿ. ನಾ ಅಂವನ ಎದುರಿಗೇ ಕುಂದರತೀನಿ." ಇಲಾಖೆಯ ಮೇಲಂತಸ್ತಿನ ಸಭಾಂಗಣ. ಇದೇ ಗುರುವಾರ, ಮುಂಜಾನೆ ಹನ್ನೊಂದು ಗಂಟೆ.